ಜಪಾನಿನಲ್ಲಿ ಒಂದು ಕೆ.ಆರ್. ಪುರಂ ಜಾಮ್

ಹಲಸೂರು

ಜಪಾನಿಗೆ ಹೋಗಿ ಬಂದವರು ಚೆರಿ ಹೂವಿನ ಮಾತಾಡಬೇಕು ಎಂಬುದು ನಮ್ಮ ಲೇಡೀಸ್ ಕ್ಲಬ್ಬಿನ ಅಲಿಖಿತ ನಿಯಮ. ನಾನು ಹೋಗುವಷ್ಟರಲ್ಲಿ ಹೂವೆಲ್ಲ ಉದುರಿ, ಗುಡಿಸಿ, ಚೀಲಕ್ಕೆ ತುಂಬಿ ಸಾಗಿಸಿಯೂ ಆಗಿತ್ತು. ನಾನು ನೋಡಿ ಬಂದದ್ದು ಒಂದು ಸೇತುವೆಯನ್ನು. ಅದರ ಕೆಳಗೆ ನದಿಯಿಲ್ಲ, ಅದರಾಚೆ ಊರಿಲ್ಲ. ದೊಡ್ಡದೊಂದು ಶೆಡ್ಡಿನೊಳಗೆ, ಟೆನಿಸ್ ಕೋರ್ಟಿನಷ್ಟು ಅಗಲದ ಉಕ್ಕಿನ ಮೇಜಿನ ಮೇಲೆ ಅದನ್ನು ಕಟ್ಟಿ ನಿಲ್ಲಿಸಿದ್ದರು. ಮೇಜಿನ ಅಡಿಯಲ್ಲಿರುವ ಯಂತ್ರಗಳು ಅದನ್ನು ನಿಜವಾದ ಭೂಕಂಪದ ಹಾಗೆಯೇ ಅಲ್ಲಾಡಿಸುತ್ತವೆ. ಸೇತುವೆ ನಿಲ್ಲುತ್ತದೋ ಬೀಳುತ್ತದೋ ಎಂದು ಹತ್ತಾರು ಜನ ಹೆಲ್ಮೆಟ್ ಹಾಕಿಕೊಂಡು ನೋಡುತ್ತಾರೆ. ಇದನ್ನು ನೋಡಲು ಅಷ್ಟು ದೂರ ಹೋಗಬೇಕಿತ್ತಾ ಎಂದು ಕೇಳುವ ಮೊದಲು ನನ್ನ ತಂಗಿಯ ಮಗಳ ವಿಷಯ ಕೇಳಿ.

ತಂಗಿ ವಿಮಲಾ ಇರುವುದು ಮಹದೇವಪುರದಲ್ಲಿ. ಅವಳ ಮಗಳು ಚಿತ್ರಾ ಓದಿದ್ದು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ, ನಾನು ಓದಿದ ಅದೇ ಶಾಲೆಯಲ್ಲಿ. ಆದರೆ ಹಲಸೂರಿನವಳಾದ ನಾನು ನಡೆದೇ ಹೋಗುತ್ತಿದ್ದೆ. ಅವಳ ಸ್ಕೂಲ್ ಬಸ್ಸು ದಿನಾ ಕೆ.ಆರ್. ಪುರಂನ ಹ್ಯಾಂಗಿಂಗ್ ಬ್ರಿಡ್ಜ್ ದಾಟಬೇಕಿತ್ತು. ದಾಟುವುದೆಂದರೆ ನಿಮಗೆ ಗೊತ್ತೇ ಇದೆ. ಹುಡುಗಿ ಮಗ್ಗಿ ಕಲಿತದ್ದು ಆ ಸೇತುವೆಯ ಮೇಲೆ, ಮುಂದೆ ಇಂಗ್ಲಿಷ್ ಕವಿತೆ ಬೈಹಾರ್ಟ್ ಮಾಡಿದ್ದೂ ಅಲ್ಲಿಯೇ. ಬಸ್ಸು ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು. ಅಂಥ ಹುಡುಗಿ ಬೆಳೆದು ಸೇತುವೆಯ ಇಂಜಿನಿಯರಾದಳು. ಭೂಕಂಪಕ್ಕೆ ಸೇತುವೆ ತಡೆಯುತ್ತದೆಯೇ ಎಂದು ಲೆಕ್ಕ ಹಾಕುವಾಗ, ಆ ಹೊತ್ತಿಗೆ ಅದರ ಮೇಲೆ ಹೆಚ್ಚು ವಾಹನಗಳು ಇರಲಾರವು ಎಂದು ಭಾವಿಸುವುದು ಇಂಜಿನಿಯರುಗಳಲ್ಲಿ ಹಳೆಯ ರೂಢಿಯಂತೆ. ಇದನ್ನು ಓದಿದ ದಿನ ಚಿತ್ರಾ ಪುಸ್ತಕ ಮುಚ್ಚಿ ನಕ್ಕಳು. ಆಮೇಲೆ ನಗು ನಿಂತಿತು. ನಮ್ಮ ಊರಿನ ಸೇತುವೆ ಖಾಲಿ ಇರುವುದನ್ನು ಅವಳು ನೋಡಿಯೇ ಇರಲಿಲ್ಲ. ಜಾಮಿನ ಭಾರ ಸೇತುವೆಗೆ ಇನ್ನಷ್ಟು ಅಪಾಯ ತರುತ್ತದೆ ಎಂದು ತೋರಿಸುವುದೇ ಅವಳ ಜೀವನದ ಕೆಲಸವಾಯಿತು. ಅದಕ್ಕಾಗಿಯೇ ಜಪಾನು ಸೇರಿದಳು.

ಮಗಳನ್ನು ನೋಡಲು ಹೋಗಬೇಕಿದ್ದವಳು ವಿಮಲಾ. ಅವಳ ಮಂಡಿ ಕೈಕೊಟ್ಟಿತು. ಫೋನು ಮಾಡಿ, "ನೀನೇ ಹೋಗ್ಬಾ ಅಕ್ಕ. ಅವಳು ಅನ್ನ ತಿಂತಾಳೋ ಕಾಂಕ್ರೀಟ್ ತಿಂತಾಳೋ ನೋಡ್ಕೊಂಡು ಬಾ," ಎಂದಳು. ಹಾಗಾದರೆ ನನ್ನ ಕಾರಿನ ಕೀ ಕೊಡು ಎಂದೆ. ಈ ಕೀಯದೂ ಒಂದು ಕಥೆ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ನನ್ನ ಕಾರು ಒಂದು ಆಟೋದ ಬೆನ್ನಿಗೆ ಮೆಲ್ಲಗೆ ತಗುಲಿದ್ದೇ ನೆಪವಾಗಿ, ವಿಮಲಾ ಕೀಯನ್ನು ಮಹದೇವಪುರಕ್ಕೆ ಹೊತ್ತೊಯ್ದಿದ್ದಳು. ನಲವತ್ತು ವರ್ಷ ನರ್ಸರಿ ಶಾಲೆ ನಡೆಸಿ, ಅದರ ವ್ಯಾನನ್ನು ನಾನೇ ಓಡಿಸಿ, ಹಲಸೂರಿನ ಸಂತೆಬೀದಿಯಲ್ಲೂ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಬಾಯಲ್ಲೂ ಮಕ್ಕಳನ್ನು ಸೇಫಾಗಿ ದಾಟಿಸಿದವಳು ನಾನು. ಒಂದು ಆಟೋ, ಅದೂ ಮೆಲ್ಲಗೆ. "ಹೋಗ್ಬಂದ ಮೇಲೆ ನೋಡೋಣ," ಎಂದಳು. ನಮ್ಮ ಕಡೆ ಹಾಗೆಂದರೆ ಇಲ್ಲ ಎಂದೇ ಅರ್ಥ.

ಬೆಟ್ಟದ ಊರು

ರೈಲಿನಲ್ಲಿ ಮೊದಲ ಆಘಾತ. ಡ್ರೈವರನ ಹಿಂದಿನ ಗಾಜಿನಿಂದ ಅವನು ಕಾಣುತ್ತಿದ್ದ. ಬಿಳಿ ಗ್ಲೌಸು ಹಾಕಿದ ಕೈಯನ್ನು ಚಾಚಿ ಯಾರಿಗೋ ಏನನ್ನೋ ತೋರಿಸುತ್ತ ಒಬ್ಬನೇ ಮಾತಾಡುತ್ತಿದ್ದ. ಚಿತ್ರಾಳನ್ನು ತಿವಿದು, ಪಾಪ, ಇವನಿಗೆ ಮನೆಯಲ್ಲಿ ಏನೋ ತೊಂದರೆ ಇರಬೇಕು ಕಣೇ ಎಂದೆ. ಅವಳು ನಕ್ಕು ವಿವರಿಸಿದಳು. ಸಿಗ್ನಲ್ ಹಸಿರಿದೆ ಎಂದು ಕಣ್ಣಿಗೆ ಕಂಡರೆ ಸಾಲದು. ಬೆರಳಿನಿಂದ ತೋರಿಸಬೇಕು, ಬಾಯಿಬಿಟ್ಟು ಹೇಳಬೇಕು, ಕೊನೆಗೆ "ಯೋಶಿ" ಎನ್ನಬೇಕು. ಯೋಶಿ ಎಂದರೆ ಸರಿ, ನೋಡಿಯಾಯಿತು ಎಂದು. ಕೆಲಸದಲ್ಲಿ ಮರೆವು ನುಸುಳದಿರಲಿ ಎಂದು ಅವರ ಅಭ್ಯಾಸ.

ನನಗೆ ಇದು ಬಹಳ ಹಿಡಿಸಿತು. ನಮ್ಮ ಶಾಲೆಯ ಸಿಸ್ಟರುಗಳಿಗೆ ಗೊತ್ತಿದ್ದರೆ ಮೊದಲ ದಿನವೇ ಜಾರಿಗೆ ತರುತ್ತಿದ್ದರು. ಅಂದಿನಿಂದ ನಾನೂ ಶುರುಮಾಡಿದೆ. ಪಾಸ್‌ಪೋರ್ಟ್, ಯೋಶಿ. ಬಿ.ಪಿ. ಮಾತ್ರೆ, ಯೋಶಿ. ಹಲ್ಲಿನ ಸೆಟ್, ಬಾಯೊಳಗೇ ಇದೆ, ಯೋಶಿ.

ನಾವಿಬ್ಬರೂ ಉಳಿದದ್ದು ಫುಮಿಕೋ ಎಂಬಾಕೆಯ ಮನೆಯ ಮಹಡಿಯಲ್ಲಿ. ಆಕೆಗೂ ನನ್ನದೇ ವಯಸ್ಸು, ನನ್ನದೇ ಮಂಡಿ, ನನ್ನದೇ ಬಿ.ಪಿ. ಭಾಷೆ ಮಾತ್ರ ಬೇರೆ. ನಮ್ಮ ನಡುವೆ ಅವಳ ಫೋನು ದುಭಾಷಿ. ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅದು ಜಪಾನಿ ಭಾಷೆಗೆ ತಿರುಗಿಸುತ್ತಿತ್ತು. ನಮ್ಮ ಸಿಸ್ಟರು ಹೇಳಿಕೊಟ್ಟ ಹಾಗೆ ಒಂದೊಂದು ಮಾತನ್ನೂ ಬಿಡಿಸಿ ಹೇಳಿದರೆ ಫೋನು ಒಂದೂ ತಪ್ಪುತ್ತಿರಲಿಲ್ಲ. ಚಿತ್ರಾ ಇಂಗ್ಲಿಷಿನಲ್ಲಿ ಹೇಳಿದರೆ ತಡವರಿಸುತ್ತಿತ್ತು. ಇದನ್ನು ನಾನು ದಿನಕ್ಕೆರಡು ಬಾರಿ ಅವಳಿಗೆ ನೆನಪಿಸುತ್ತಿದ್ದೆ.

ಫುಮಿಕೋ ಮನೆಯಲ್ಲಿ ಕಪಾಟುಗಳೆಲ್ಲ ಗೋಡೆಗೆ ಬಿಗಿದಿದ್ದವು. ಬಾಗಿಲ ಬಳಿ ಒಂದು ಚೀಲ ಸದಾ ತಯಾರು; ಅದರಲ್ಲಿ ನೀರು, ಟಾರ್ಚು, ಬಿಸ್ಕತ್ತು. ನಾವು ಊರಿಗೆ ಹೊರಡುವಾಗ ಕಟ್ಟಿಕೊಳ್ಳುವ ಬುತ್ತಿಯನ್ನು ಅವರು ಊರಲ್ಲೇ ಇದ್ದು ಕಟ್ಟಿಟ್ಟುಕೊಂಡಿರುತ್ತಾರೆ. ನಾನು ಕೇಳಿದ್ದಕ್ಕೆ ಆಕೆ ಮೂವತ್ತು ವರ್ಷದ ಹಿಂದಿನ ಭೂಕಂಪದ ಮಾತೆತ್ತಿದಳು. ಬೆಟ್ಟದ ಕೆಳಗಿನ ಊರಿನಲ್ಲಿ ಕಂಬಗಳ ಮೇಲೆ ಸಾಗುವ ಹೆದ್ದಾರಿಯೊಂದು ನಿದ್ದೆ ಬಂದವರ ಹಾಗೆ ಪಕ್ಕಕ್ಕೆ ಹೊರಳಿ ಮಲಗಿತಂತೆ. ಆಕೆಯ ಗಂಡ ದಿನಾ ಬೆಳಗ್ಗೆ ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅಂದು ಇನ್ನೂ ಎದ್ದಿರಲಿಲ್ಲ.

ಆಕೆ ಕೊನೆಗೆ ಹೇಳಿದ್ದನ್ನು ಫೋನು ತನ್ನ ಸಪ್ಪೆ ದನಿಯಲ್ಲಿ ನನಗೆ ಹೇಳಿತು. ಬೆಳಗಿನ ಜಾವವಾದ್ದರಿಂದ ರಸ್ತೆ ಖಾಲಿಯಿತ್ತು. ಆಫೀಸಿನ ಹೊತ್ತಾಗಿದ್ದರೆ ಎಲ್ಲರೂ.

ಎಲ್ಲರೂ ಎಂಬಲ್ಲಿಗೆ ಫೋನು ನಿಂತಿತು. ಮುಂದೆ ತಿರುಗಿಸಲು ಏನೂ ಇರಲಿಲ್ಲ. ಚಿತ್ರಾ ಇಷ್ಟು ವರ್ಷ ಯಾವುದರ ಹಿಂದೆ ಬಿದ್ದಿದ್ದಾಳೆ ಎಂದು ನನಗೆ ಆಗಲೇ ಮೊದಲ ಬಾರಿ ಸರಿಯಾಗಿ ಅರ್ಥವಾದದ್ದು.

ಶೆಡ್ಡಿನ ಅಂಗಳ

ಚಿತ್ರಾಳಿಗೆ ಸಿಕ್ಕಿದ್ದು ಒಂದೇ ಒಂದು ದಿನ. ಸೇತುವೆ ಅವಳದಲ್ಲ, ಬೇರೆಯವರ ಪರೀಕ್ಷೆಗೆಂದು ಕಟ್ಟಿದ್ದು. ಅವರ ಕೆಲಸ ಮುಗಿದಿತ್ತು, ಮುಂದಿನ ವಾರ ಒಡೆಯುವವರಿದ್ದರು. ಒಡೆಯುವ ಮುನ್ನ ಒಂದು ದಿನ ನಿನಗೆ ಎಂದಿದ್ದರು. ಅದಕ್ಕಾಗಿ ಎರಡು ವರ್ಷ ಕಾದಿದ್ದಳು. ಉತ್ತರ ಸ್ಪಷ್ಟವಾಗಿ ಸಿಕ್ಕದಿದ್ದರೆ ಇನ್ನೊಂದು ಸೇತುವೆ ಯಾರೂ ಕೊಡುವುದಿಲ್ಲ. ಅವಳ ಕೆಲಸ ಅಲ್ಲಿಗೇ ಮುಗಿಯಿತು.

ಪರೀಕ್ಷೆಯ ಹಿಂದಿನ ದಿನ ನನ್ನನ್ನೂ ಕರೆದೊಯ್ದಳು. ಮೊದಲಿಗೆ ರೇಡಿಯೋದಲ್ಲಿ ಪಿಯಾನೋ ಕೇಳಿಸಿತು. ಇಂಜಿನಿಯರುಗಳು, ಕ್ರೇನಿನವರು ಎಲ್ಲ ಸಾಲಾಗಿ ನಿಂತು, ಕೆಲಸಕ್ಕೆ ಮುಂಚಿನ ಅವರ ರೂಢಿಯಂತೆ, ನಮ್ಮ ಶಾಲೆಯ ಹಾಗೆ ಡ್ರಿಲ್ ಮಾಡಿದರು. ಸೀರೆಯುಟ್ಟು ಹೆಲ್ಮೆಟ್ ಹಾಕಿಕೊಂಡ ನಾನೂ ಸೊಂಟದ ಮೇಲೆ ಕೈಯಿಟ್ಟು ಬಾಗಿದೆ. ಐವತ್ತೈದು ವರ್ಷದ ಮೇಲೆ ಯಾರೋ ಮತ್ತೆ ನನ್ನನ್ನು ಎತ್ತರದ ಪ್ರಕಾರ ಸಾಲಲ್ಲಿ ನಿಲ್ಲಿಸಿದ್ದರು. ಅಂದಿನ ಹಾಗೇ ಇಂದೂ ಎಲ್ಲರಿಗಿಂತ ಮುಂದೆ ನಾನೇ.

ಅಲ್ಲಿಯ ಉಸ್ತುವಾರಿ ಹಯಾಶಿ ಎಂಬವರದು. ಅವರನ್ನು ಹಯಾಶಿ-ಸಾನ್ ಎನ್ನಬೇಕು, ನಾವು ಹಯಾಶಿಯವರೇ ಎನ್ನುವ ಹಾಗೆ. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಮೇಲಂಗಿ. ಸೇತುವೆ ನಿಜಕ್ಕಿಂತ ಚಿಕ್ಕ ಅಳತೆಯದಾದ್ದರಿಂದ ಲಾರಿಗಳ ಪಾತ್ರಕ್ಕೆ ಪುಟ್ಟ ಪುಟ್ಟ ವ್ಯಾನುಗಳನ್ನು ತರಿಸಿದ್ದರು. ನಾನು ಹತ್ತಿರ ಹೋಗಿ ಒಂದರ ಬಾಗಿಲು ಸವರಿದೆ. ಥೇಟ್ ನನ್ನ ನರ್ಸರಿಯ ವ್ಯಾನು. ಅದೇ ಬೆಣ್ಣೆಡಬ್ಬಿಯಂಥ ಮೋರೆ, ಅದೇ ಪಕ್ಕಕ್ಕೆ ಸರಿಯುವ ಬಾಗಿಲು, ನಮ್ಮ ಹಾಗೆ ಬಲಗಡೆಗೇ ಸ್ಟೀರಿಂಗು. ಹಿಂದಿನ ಸೀಟಿನಲ್ಲಿ ಯಾವುದೋ ಮಗು ಟಿಫನ್ ಬಾಕ್ಸ್ ಮರೆತು ಹೋಗಿರಬಹುದು ಎಂದು ಬಗ್ಗಿ ನೋಡಿಯೂ ಬಿಟ್ಟೆ.

ಸೇತುವೆಯ ಅಳತೆಯನ್ನು ಅಂಗಳದ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದ್ದರು. ಅದರೊಳಗೆ ಹಯಾಶಿ, ತರಿಸಿದ್ದವುಗಳಲ್ಲಿ ನಾಲ್ಕೇ ವ್ಯಾನು ನಿಲ್ಲಿಸಿದ್ದರು. ಪ್ರತಿಯೊಂದರ ನಡುವೆ ಎರಡು ಎಮ್ಮೆ ಆರಾಮಾಗಿ ಮಲಗುವಷ್ಟು ಜಾಗ. ಚಕ್ರಗಳು ನೆಟ್ಟಗೆ. ಇದೇ ಜಾಮ್ ಎಂದರು.

ಚಿತ್ರಾ ಫೋನಿನಲ್ಲಿ ಕೆ.ಆರ್. ಪುರಂ ಸೇತುವೆಯ ಚಿತ್ರ ತೋರಿಸಿದಳು. ಅವರೆಲ್ಲ ಗುಂಪುಗೂಡಿ ನೋಡಿ, ಈ ಅಪಘಾತ ಯಾವಾಗ ಆದದ್ದು ಎಂದು ಮೆಲ್ಲಗೆ ಕೇಳಿದರು. ಅಪಘಾತವಲ್ಲ, ಮಂಗಳವಾರ ಎಂದಳು.

ಹಯಾಶಿ ಹಟಮಾರಿಯಲ್ಲ. ಹಾಗಾದರೆ ಹಾಗೇ ನಿಲ್ಲಿಸೋಣ, ಅಳತೆ ಕೊಡಿ ಎಂದು ಪೆನ್ಸಿಲು ತೆಗೆದರು. ಚಿತ್ರಾಳ ಬಳಿ ಅಳತೆ ಎಲ್ಲಿಂದ ಬರಬೇಕು? ನನ್ನ ಕಡೆ ತಿರುಗಿದಳು.

"ದೊಡ್ಡಮ್ಮ, ನೀವೇ ಹೇಳಿ. ಇಂಥ ಜಾಗದಲ್ಲಿ ನಮ್ಮೋರು ಎಷ್ಟು ಗಾಡಿ ನಿಲ್ಲಿಸ್ತಾರೆ?"

"ನಿಲ್ಲಿಸ್ತಾರೇನೇ? ಜಾಮನ್ನ ಯಾರೂ ನಿಲ್ಲಿಸಲ್ಲ, ಮಗು. ನುಗ್ತಾರೆ. ನುಗ್ಗಿ ನುಗ್ಗಿ ನಿಂತ್ಹೋಗತ್ತೆ."

ನಾನು ಹೇಳಿದ್ದು ಸತ್ಯ. ಜಾಮಿಗೆ ಪ್ಲಾನ್ ಇರುವುದಿಲ್ಲ. ಒಬ್ಬೊಬ್ಬನಿಗೂ ತನ್ನದೇ ಅರ್ಜೆಂಟು ಇರುತ್ತದೆ, ಅಷ್ಟೇ. ಆದ್ದರಿಂದ ನರ್ಸರಿಯ ಸ್ಕೂಲ್ ಡೇ ನಾಟಕದ ಹಾಗೆ ಪಾತ್ರ ಹಂಚಿದೆ. ಚಿತ್ರಾ ತಿರುಗಿಸಿ ಹೇಳಿದಳು. ನೀನು ಏರ್‌ಪೋರ್ಟ್ ಕ್ಯಾಬ್, ಫ್ಲೈಟು ತಪ್ಪುತ್ತಿದೆ. ನೀನು ನೀರಿನ ಟ್ಯಾಂಕರ್, ಯಾರಿಗೂ ಹೆದರುವುದಿಲ್ಲ. ನೀನು ಆಟೋ, ಮುಂದಿನ ಚಕ್ರ ತೂರಿದರೆ ಮೈ ತೂರಿದ ಹಾಗೆ. ನೀನು ಮಗಳ ಮದುವೆಗೆ ತಡವಾದ ಅಪ್ಪ, ಛತ್ರದಲ್ಲಿ ಪುರೋಹಿತರು ಕೂಗುತ್ತಿದ್ದಾರೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿ, ಪಾತ್ರವನ್ನು ಬೆರಳು ಮಾಡಿ ಒಪ್ಪಿಕೊಂಡು, ಯೋಶಿ ಎಂದು ವ್ಯಾನು ಹತ್ತಿದರು.

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ. ಏರ್‌ಪೋರ್ಟ್ ಕ್ಯಾಬು ಟ್ಯಾಂಕರಿಗೆ ದಾರಿ ಬಿಟ್ಟು "ದೋಜೊ" ಎಂದಿತು. ದೋಜೊ ಎಂದರೆ ದಯವಿಟ್ಟು ತಾವು ಮೊದಲು. ಟ್ಯಾಂಕರು ಕಿಟಕಿಯಿಂದ ತಲೆಬಾಗಿ, ದೋಜೊ, ತಾವೇ ಎಂದಿತು. ಆಟೋ ಇಬ್ಬರಿಗೂ ಬಾಗಿ ರಿವರ್ಸ್ ತೆಗೆಯಿತು. ಮಗಳ ಮದುವೆಯ ಅಪ್ಪ ಎಲ್ಲರೂ ಹೋಗಲೆಂದು ಗೆರೆಯ ಹೊರಗೇ ಎಂಜಿನ್ನು ಆಫ್ ಮಾಡಿ ಕಾಯುತ್ತ ಕುಳಿತ. ಪಾಪ ಆ ಹುಡುಗಿಯ ಮುಹೂರ್ತ ಮೀರಿಯೇ ಹೋಯಿತು. ಗೆರೆಯೊಳಗೆ ಒಂದೂ ವ್ಯಾನು ಉಳಿದಿರಲಿಲ್ಲ.

ಚಿತ್ರಾ ಕಾಂಪೌಂಡಿನ ಮೇಲೆ ಕುಳಿತು ಉಗುರು ಕಚ್ಚತೊಡಗಿದಳು. ಸಣ್ಣವಳಿದ್ದಾಗ ಪರೀಕ್ಷೆಯ ಹಿಂದಿನ ದಿನ ಹಾಗೇ ಮಾಡುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿ, ಖಾಲಿಯಿದ್ದ ಬಿಳಿ ವ್ಯಾನು ಹತ್ತಿದೆ. ಅದು ಅವರ ಸ್ವಂತ ಅಂಗಳ, ಲೈಸೆನ್ಸು ಕೇಳುವವರಿಲ್ಲ. ಬ್ಯಾಗನ್ನು ಪಕ್ಕದ ಸೀಟಿಗೆ, ಮಾತ್ರೆಯ ಜೊತೆ ತಿನ್ನಲೆಂದು ತಂದಿದ್ದ ಬಾಳೆಹಣ್ಣನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟೆ. ಬ್ರೇಕ್, ಯೋಶಿ. ಹಾರನ್, ಯೋಶಿ.

ಹಾರನ್ ಒತ್ತಿದ್ದು ಆ ಬೆಟ್ಟಕ್ಕೆಲ್ಲ ಕೇಳಿರಬೇಕು. ಟ್ಯಾಂಕರಿನ ಮುಂದೆ ಅಡ್ಡ ತೂರಿದೆ. ಏರ್‌ಪೋರ್ಟ್ ಕ್ಯಾಬಿನ ಪಕ್ಕ ಕನ್ನಡಿಗೆ ಕನ್ನಡಿ ತಾಗದಂತೆ ನುಸುಳಿ, ಅವನು ಬೆಚ್ಚಿ ಬಿಟ್ಟ ಜಾಗವನ್ನೂ ಹಿಡಿದೆ. ಆಟೋದವನು ಬೆಪ್ಪಾಗಿ ನೋಡುತ್ತಿದ್ದ. ಕಿಟಕಿಯಿಂದ ತಲೆ ಹಾಕಿ, ಶಿವಾಜಿನಗರದಲ್ಲಿ ಕಲಿತದ್ದನ್ನು ಶಿವಾಜಿನಗರದ ಭಾಷೆಯಲ್ಲೇ ಹೇಳಿದೆ. ಅದನ್ನು ಇಲ್ಲಿ ಬರೆಯಲಾರೆ. ನಮ್ಮ ಸಿಸ್ಟರುಗಳಲ್ಲಿ ಒಬ್ಬರು ಇನ್ನೂ ಬದುಕಿದ್ದಾರೆ. ಚಿತ್ರಾ ತಿರುಗಿಸಿ ಹೇಳಲಿಲ್ಲ. ಆದರೂ ಅವನಿಗೆ ಅರ್ಥವಾಯಿತು. ಅವನ ಕಿವಿ ಕೆಂಪಾಗಿ, ವ್ಯಾನು ಮುಂದಕ್ಕೆ ಹಾರಿತು. ಅವನ ಹಿಂದೆ ಟ್ಯಾಂಕರು. ಮಗಳ ಮದುವೆಯ ಅಪ್ಪನಿಗೆ ಕೊನೆಗೂ ಮಗಳ ನೆನಪು ಬಂತು.

ಆಮೇಲೆ ಅವರನ್ನು ತಡೆಯುವುದೇ ಕಷ್ಟವಾಯಿತು. ಅಷ್ಟು ವರ್ಷದ ದೋಜೊ ಎಲ್ಲ ಒಂದೇ ಸಲ ಹೊರಬಂದಂತಿತ್ತು. ಹಯಾಶಿ ಸ್ವತಃ ಕೊನೆಯ ವ್ಯಾನು ಹತ್ತಿ, ಕಾಗದದ ಹಾಳೆ ತೂರುವಷ್ಟೂ ಜಾಗವಿಲ್ಲದ ಮೂಲೆಯಲ್ಲಿ ಮೂತಿ ತೂರಿಸಿ ನಿಲ್ಲಿಸಿದರು. ನಾಲ್ಕಿದ್ದಲ್ಲಿ ಎಂಟು ನಿಂತವು, ಒಂದೂ ನೆಟ್ಟಗಿರಲಿಲ್ಲ. ನನಗೆ ಮನೆಯ ನೆನಪಾಗಿ ಮೂಗು ಒರೆಸಿಕೊಂಡೆ.

ಇಳಿಯಲು ಜಾಗವಿಲ್ಲದೆ ಎಲ್ಲರೂ ಹಿಂಬಾಗಿಲಿನಿಂದ ಇಳಿದೆವು. ಆಮೇಲೆ ಹಯಾಶಿ ಮಾಡಿದ್ದೇ ಮಾಡಿದ್ದು. ಪ್ರತಿ ಚಕ್ರದ ಸುತ್ತ ಸೀಮೆಸುಣ್ಣದ ಗೆರೆ. ಪ್ರತಿ ಸೊಟ್ಟಕ್ಕೂ ಕೋನದ ಅಳತೆ. ಕ್ರೇನು ಒಂದೊಂದೇ ವ್ಯಾನನ್ನು ಎತ್ತಿ ಸೇತುವೆಯ ಮೇಲೆ ಇಳಿಸಿತು. ಇಳಿಸಿದ ಮೇಲೆ ಹಯಾಶಿ ಅಳೆದು, ನನ್ನ ವ್ಯಾನು ಸಾಕಷ್ಟು ಸೊಟ್ಟಗಿಲ್ಲ ಎಂದು ಮತ್ತೆ ಎತ್ತಿಸಿ, ನಾನು ಅಂಗಳದಲ್ಲಿ ನಿಲ್ಲಿಸಿದ್ದಷ್ಟೇ ಸೊಟ್ಟಗೆ ಇಡಿಸಿದರು. ನಮ್ಮೂರಿನ ಜಾಮಿಗೆ ಇಂಥ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

ಪರೀಕ್ಷೆಯ ದಿನ

ಗಾಜಿನ ಹಿಂದೆ ಕುರ್ಚಿ ಹಾಕಿ ನಮ್ಮನ್ನು ಕೂರಿಸಿದರು. ಫುಮಿಕೋಳೂ ಬಂದಿದ್ದಳು, ಮಡಿಲಲ್ಲಿ ಊಟದ ಗಂಟು. ಖಾಲಿ ಸೇತುವೆಯನ್ನು ಅಲುಗಿಸಿ, ಅದು ಎಷ್ಟು ತೂಗಾಡಿತೆಂದು ಹಿಂದೆಯೇ ಬರೆದುಕೊಂಡಿದ್ದರು. ಈಗ ಅದೇ ಸಣ್ಣ ಭೂಕಂಪ, ಜಾಮಿನ ಸಮೇತ. ಜಾಸ್ತಿ ತೂಗಿದರೆ ಚಿತ್ರಾ ಗೆದ್ದಳು. ಇಷ್ಟೇ ನನಗೆ ಅರ್ಥವಾಗಿದ್ದು.

ಎಣಿಕೆ ಶುರುವಾಯಿತು. ಇನ್ನೇನು ಮೇಜು ಅಲುಗಬೇಕು, ಹಯಾಶಿ ಕೈಯೆತ್ತಿ ನಿಲ್ಲಿಸಿದರು. ಕ್ಯಾಮೆರಾದಲ್ಲಿ ಗುರುತು ಸಿಗದ ವಸ್ತುವೊಂದು ಕಾಣುತ್ತಿದೆಯಂತೆ. ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು. ಬಿಳಿ ವ್ಯಾನಿನ ಡ್ಯಾಶ್‌ಬೋರ್ಡಿನ ಮೇಲೆ ನನ್ನ ಬಾಳೆಹಣ್ಣು.

ನಾನು ಕುರ್ಚಿಯೊಳಗೆ ಕುಗ್ಗಿದೆ. ಕ್ರೇನು ತರಿಸಿ ತೆಗೆಯುವುದೆಂದರೆ ಅರ್ಧ ದಿನ ಹೋಯಿತು, ಇರುವುದೇ ಒಂದು ದಿನ. ಚಿತ್ರಾ ನನ್ನ ಕಡೆ ನೋಡಲೇ ಇಲ್ಲ. ಹಯಾಶಿಗೆ ಏನೋ ಹೇಳಿದಳು. ನಮ್ಮೂರಿನಲ್ಲಿ ಜಾಮಿನಲ್ಲಿ ಸಿಕ್ಕಿಕೊಂಡ ಯಾವ ಗಾಡಿಯಲ್ಲೂ ತಿನ್ನಲು ಏನಾದರೂ ಇದ್ದೇ ಇರುತ್ತದೆ, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದಳಂತೆ. ಹಯಾಶಿ ಯೋಚಿಸಿದರು. ನಕ್ಷೆಯಲ್ಲಿ ನನ್ನ ವ್ಯಾನಿನ ಪಕ್ಕದಲ್ಲಿ ಬರೆದುಕೊಂಡರು. ಬಾಳೆಹಣ್ಣು, ಒಂದು. ಪರದೆಯತ್ತ ಬೆರಳು ಚಾಚಿ ಯೋಶಿ ಎಂದರು.

ಮೇಜು ಅಲುಗಿತು. ಸೇತುವೆ ಒಂದು ಕಡೆ ಹೋದರೆ ಸ್ಪ್ರಿಂಗುಗಳ ಮೇಲೆ ಕುಳಿತ ವ್ಯಾನುಗಳು ಇನ್ನೊಂದು ಕಡೆ ತೊನೆದವು. ಒಬ್ಬರು ಹೌದೆಂದರೆ ಇನ್ನೊಬ್ಬರು ಇಲ್ಲವೆನ್ನುವ ಬೀಗರ ಹಾಗೆ. ಬಾಳೆಹಣ್ಣು ಮಿಸುಕಲಿಲ್ಲ. ನಿಂತ ಮೇಲೆ ಪರದೆಯಲ್ಲಿ ಎರಡು ಗೆರೆ ಬಂದವು. ನನಗೆ ಗೆರೆ ಓದಲು ಬರುವುದಿಲ್ಲ, ಚಿತ್ರಾಳ ಮುಖ ಓದಲು ಬರುತ್ತದೆ. ಅದು ಬಾಡಿತ್ತು.

ಜಾಮ್ ಇದ್ದಾಗ ಸೇತುವೆ ಕಡಿಮೆ ತೂಗಿತ್ತು.

ಅವಳು ಇಷ್ಟು ವರ್ಷ ಹೇಳಿಕೊಂಡು ಬಂದದ್ದರ ಪೂರಾ ಉಲ್ಟಾ. ಆ ಎಂಟು ವ್ಯಾನುಗಳು ತಮ್ಮ ಕುಲುಕಾಟದಿಂದ ಸೇತುವೆಯ ಕುಲುಕಾಟವನ್ನು ನುಂಗಿಬಿಟ್ಟಿದ್ದವು. ಫುಮಿಕೋ ನನ್ನ ಕೈ ಹಿಡಿದುಕೊಂಡಳು. ಮುಂದುವರಿಸಲೇ ಎಂದು ಹಯಾಶಿ ಕೇಳಿದರು. ಚಿತ್ರಾ ತಲೆಯಾಡಿಸಿದಳು.

ಒಂದರ ಮೇಲೊಂದು ಭೂಕಂಪ, ಒಂದಕ್ಕಿಂತ ಒಂದು ದೊಡ್ಡದು. ಕೊನೆಯದು ಎಷ್ಟು ದೊಡ್ಡದೆಂದರೆ ನಮ್ಮ ಕುರ್ಚಿಗಳೂ ಸದ್ದು ಮಾಡಿದವು. ಬಿಳಿ ಬಣ್ಣದ ಕಂಬದ ಬುಡದಲ್ಲಿ ಬಿರುಕು ಬಿಟ್ಟು ಕಾಂಕ್ರೀಟಿನ ಚಕ್ಕೆಗಳು ಉದುರಿದವು. ವ್ಯಾನುಗಳು ಕುಪ್ಪಳಿಸಿ ಒಂದಕ್ಕೊಂದು ಗುದ್ದಿದವು. ಫುಮಿಕೋ ಕಣ್ಣು ಮುಚ್ಚಿಕೊಂಡಿದ್ದಳು. ನಿಂತ ಮೇಲೆ ನಾನು ಅವಳ ಭುಜ ತಟ್ಟಿ, ಬೆರಳು ಚಾಚಿ ತೋರಿಸಿದೆ. ಸೇತುವೆ, ಯೋಶಿ. ಆಕೆ ಕಣ್ಣು ತೆರೆದು ತುಂಬ ಹೊತ್ತು ನೋಡಿದಳು. ಯೋಶಿ ಎಂದಳು.

ಆ ದೊಡ್ಡ ಭೂಕಂಪದಲ್ಲಿ ಜಾಮು ಸೇತುವೆಯ ನೆರವಿಗೆ ಬಂದಿರಲಿಲ್ಲ. ಸಣ್ಣದರಲ್ಲಷ್ಟೇ ಅದರ ಉಪಕಾರ.

ಊಟದ ಹೊತ್ತಿಗೆ ಚಿತ್ರಾಳನ್ನು ಹುಡುಕಿಕೊಂಡು ಹೋದೆ. ಅಳುತ್ತಿರುತ್ತಾಳೆ ಎಂದು ಕರ್ಚೀಫು ಹಿಡಿದು ಹೋದೆ. ಅವಳು ಕಂಬದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ಫುಮಿಕೋಳ ಅನ್ನದ ಉಂಡೆ, ಇನ್ನೊಂದು ಕೈಯಲ್ಲಿ ಕಾಂಕ್ರೀಟಿನ ಚಕ್ಕೆ ಹಿಡಿದುಕೊಂಡಿದ್ದಳು. ವಿಮಲಾ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು.

"ಉಲ್ಟಾ ಆಯ್ತು, ದೊಡ್ಡಮ್ಮ."

"ಬೇಜಾರಾ?"

"ಬೆಳಗ್ಗೆ ಆಯ್ತು. ಈಗ ಇಲ್ಲ. ಗಾಡಿಗಳನ್ನ ಲೆಕ್ಕಕ್ಕೆ ತಗೊಳ್ಳೇಬೇಕು ಅಂದೆನಲ್ಲ, ಅದು ಸರಿ. ಯಾವ ಕಡೆಗೆ ಅನ್ನೋದೇ ತಪ್ಪು." ಅನ್ನ ನುಂಗಿ ಮತ್ತೆ ಹೇಳಿದಳು. "ಹಯಾಶಿ-ಸಾನ್ ಏನಂದ್ರು ಗೊತ್ತಾ? ಅವರ ನಾಲ್ಕೇ ನಾಲ್ಕು ವ್ಯಾನು ನಿಂತಿದ್ರೆ ವ್ಯತ್ಯಾಸ ಕಣ್ಣಿಗೇ ಬೀಳ್ತಿರ್ಲಿಲ್ವಂತೆ. ಏನೂ ಇಲ್ಲ ಅಂತ ಫೈಲು ಮುಚ್ತಿದ್ರಂತೆ. ಮುಂದಿನ ಸೇತುವೇಲಿ ಶುರುವಿನಿಂದ್ಲೇ ಗಾಡಿ ಇಡೋಣ ಅಂದ್ರು. ಈ ಸಲ ನಂಗೆ ಒಂದು ದಿನ ಅಲ್ಲ, ಪೂರ್ತಿ ಸೇತುವೆ."

ಅಷ್ಟರಲ್ಲಿ ಹಯಾಶಿ ಬಂದರು. ಬಿಳಿ ವ್ಯಾನಿನ ಬ್ರೇಕಿನ ಕೆಳಗೆ ಸಿಕ್ಕಿದ ಬಾಳೆಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ, ನನಗೆ ಒಪ್ಪಿಸಿದರು. ಒಂದು ಮಗ್ಗುಲು ಕಪ್ಪಾಗಿತ್ತು. ಜೊತೆಗೆ ಒಂದು ಸುರುಳಿ: ಜಾಮಿನ ನಕ್ಷೆ, ಪ್ರತಿ ಸೊಟ್ಟವೂ ಅಳತೆಯ ಸಮೇತ. ಕೆಳಗೆ ನನ್ನ ಹೆಸರು ಇಂಗ್ಲಿಷಿನಲ್ಲಿತ್ತು. ಅದರ ಮುಂದೆ ಟ್ರಾಫಿಕ್ ಸ್ಪೆಷಲಿಸ್ಟ್ ಎಂದು ಬರೆದಿದ್ದರು.

ಹ್ಯಾಂಗಿಂಗ್ ಬ್ರಿಡ್ಜ್

ಬೆಂಗಳೂರಿನಲ್ಲಿ ಇಳಿದವಳು ಹಲಸೂರಿಗೆ ಹೋಗಲಿಲ್ಲ. ನಕ್ಷೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ಮಹದೇವಪುರಕ್ಕೆ ಕ್ಯಾಬ್ ಹಿಡಿದೆ. ಟ್ರಾಫಿಕ್ ಸ್ಪೆಷಲಿಸ್ಟಿಗೆ ಕಾರಿನ ಕೀ ಇಲ್ಲವೆನ್ನುವುದು ಯಾವ ನ್ಯಾಯ?

ಟಿನ್ ಫ್ಯಾಕ್ಟರಿ ದಾಟಿ ಸೇತುವೆ ಹತ್ತಿದೆವು, ನಿಂತೆವು. ಎಡಕ್ಕೆ ಟ್ಯಾಂಕರು, ಬಲಕ್ಕೆ ಬಸ್ಸು, ಮುಂದೆ ಮೂರು ಆಟೋ. ಆಚೆ ಕಡೆಯಿಂದ ಭಾರದ ಲಾರಿಯೊಂದು ಹೋದಾಗ ಸೇತುವೆ ಸಣ್ಣಗೆ ನಡುಗಿತು. ಮೊದಲಾದರೆ ಸೀಟು ಹಿಡಿದುಕೊಳ್ಳುತ್ತಿದ್ದೆ. ಈಗ ನಮ್ಮ ಕ್ಯಾಬು, ಬಸ್ಸು, ಟ್ಯಾಂಕರು ಎಲ್ಲ ತಮ್ಮ ತಮ್ಮ ಸ್ಪ್ರಿಂಗುಗಳ ಮೇಲೆ ಮೆಲ್ಲಗೆ ತಲೆಯಾಡಿಸಿದ್ದನ್ನು ನೋಡಿದೆ. ಬೀಗರು ಇಲ್ಲೂ ಇದ್ದರು. ಸಣ್ಣದಾದರೆ ನಾವಿದ್ದೇವೆ. ದೊಡ್ಡದಕ್ಕೆ ಚಿತ್ರಾ ತನ್ನ ಕೆಲಸ ಬೇಗ ಮುಗಿಸಲಿ.

ವಿಮಲಾಳ ಫೋನು ಮತ್ತೆ ಬಂತು.

"ಎಲ್ಲಿದ್ದೀಯಾ ಅಕ್ಕ? ತಿಂಡಿ ಆರ್ತಾ ಇದೆ."

"ಹ್ಯಾಂಗಿಂಗ್ ಬ್ರಿಡ್ಜ್ ಮೇಲೆ."

"ಇನ್ನೂನಾ? ಅರ್ಧ ಗಂಟೆ ಹಿಂದೇನೂ ಅಲ್ಲೇ ಅಂದಿದ್ದೆ. ಏನ್ ಮಾಡ್ತಿದ್ದೀಯಾ ಅಲ್ಲಿ?"

"ಸೇತುವೆ ಹಿಡ್ಕೊಂಡಿದೀನಿ," ಎಂದೆ. "ನೀನು ಕೀ ತೆಗ್ದಿಡು."

ಮುಂದಿನ ಎರಡು ಆಟೋಗಳ ನಡುವೆ ಅಷ್ಟರಲ್ಲಿ ಸಂದಿಯೊಂದು ಬಿಟ್ಟುಕೊಂಡಿತ್ತು. ನಮ್ಮ ಡ್ರೈವರು ಹೊಸಬನಿರಬೇಕು, ಹಿಂದುಮುಂದು ನೋಡುತ್ತಿದ್ದ. ನಾನು ಹಿಂದಿನ ಸೀಟಿನಿಂದ ಅವನ ಭುಜದ ಪಕ್ಕ ಕೈ ಚಾಚಿ, ಬೆರಳಿನಿಂದ ಆ ಸಂದಿಯನ್ನು ತೋರಿಸಿ, ಯೋಶಿ ಎಂದೆ.

"ಏನಮ್ಮಾ?"

"ಗ್ಯಾಪ್ ಇದೆ. ನುಗ್ಸಪ್ಪ."